ಸತ್ತವನ ಹೆಸರಿನಲ್ಲಿ ಬಂದ ಕಾಗದಗಳು

ಯುದ್ಧದ ಚಿತ್ರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತೋಪು, ಹೊಗೆ, ಓಡುವ ಸಿಪಾಯಿಗಳು. ವಿಯೆಟ್ನಾಮಿನ ವಿಷಯದಲ್ಲಂತೂ ಹೇಳುವುದೇ ಬೇಡ. ಹಾಲಿವುಡ್ಡಿನವರು ಆ ನಾಡನ್ನು ತೋರಿಸಿದ್ದು ಬಹುಮಟ್ಟಿಗೆ ತಮ್ಮ ಸಿಪಾಯಿಗಳ ಸಂಕಟಕ್ಕೆ ಕಟ್ಟಿದ ಹಿಂದಿನ ಪರದೆಯಾಗಿ. ಆ ನಾಡಿನವರೇ ತಮ್ಮ ನೋವನ್ನು ಹೇಗೆ ಹೇಳಿಕೊಂಡರೆಂದು ತಿಳಿಯಬಯಸುವವರು ಡಾಂಗ್ ನ್ಯಾತ್ ಮಿನ್ 1984ರಲ್ಲಿ ನಿರ್ದೇಶಿಸಿದ ‘ಹತ್ತನೆಯ ತಿಂಗಳು ಬರುವುದೆಂದಿಗೆ’ ಎಂಬ ಕಪ್ಪು-ಬಿಳುಪು ಚಿತ್ರವನ್ನು ನೋಡಬೇಕು. ಇದರ ರಣರಂಗ ಒಂದು ಹಳ್ಳಿಯ ಮನೆ.

ಕಥೆ ಸರಳವಾದುದು. ಜುಯೆನ್ ಎಂಬ ತರುಣಿ ನೈಋತ್ಯ ಗಡಿಯಲ್ಲಿದ್ದ ಗಂಡನನ್ನು ಕಾಣಲು ಹೋಗಿ, ಅವನು ಮಡಿದ ಸುದ್ದಿಯನ್ನು ಹೊತ್ತು ಮರಳುತ್ತಾಳೆ. ಮನೆಯಲ್ಲಿ ಹಣ್ಣು ಹಣ್ಣು ಮುದುಕನಾದ ಮಾವ, ಪುಟ್ಟ ಮಗ. ಮಾವ ಈ ಸುದ್ದಿಯನ್ನು ತಾಳಲಾರನೆಂದು ಅವಳು ದುಃಖವನ್ನು ಒಳಗೇ ನುಂಗಿಕೊಳ್ಳುತ್ತಾಳೆ. ಊರಿನ ಶಾಲೆಯ ಮೇಷ್ಟ್ರನ್ನು ಬೇಡಿಕೊಂಡು, ಗಂಡನ ಹೆಸರಿನಲ್ಲಿ ಕಾಗದಗಳನ್ನು ಬರೆಸುತ್ತಾಳೆ. ಊರ ಬಾಯಿ ಸುಮ್ಮನಿರುವುದುಂಟೆ? ಅಪವಾದ ಹುಟ್ಟುತ್ತದೆ, ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಗುತ್ತದೆ.

ಈ ಸುಳ್ಳು ದಯೆಯೋ, ವಂಚನೆಯೋ? ನಿರ್ದೇಶಕರು ತೀರ್ಪು ಕೊಡುವುದಿಲ್ಲ. ಆದರೆ ಅದರ ಬೆಲೆಯನ್ನು ತೋರಿಸುತ್ತಾರೆ. ಸುಳ್ಳು ಮಾವನನ್ನು ಉಳಿಸುತ್ತದೆ, ಆದರೆ ಜುಯೆನ್‌ಳಿಂದ ಅಳುವ ಹಕ್ಕನ್ನೇ ಕಸಿದುಕೊಳ್ಳುತ್ತದೆ. ಊರವರ ಕಣ್ಣಿಗೆ ಅವಳಿನ್ನೂ ಮುತ್ತೈದೆ. ಇದು ಎಲ್ಲಕ್ಕಿಂತ ತೀಕ್ಷ್ಣವಾಗಿ ಕಾಣುವುದು ‘ಚೆಯೊ’ ಎಂಬ ಅಲ್ಲಿನ ಜಾನಪದ ಗೀತನಾಟಕದ ಸಂದರ್ಭದಲ್ಲಿ. ಯುದ್ಧಕ್ಕೆ ಹೊರಟ ಗಂಡನನ್ನು ಬೀಳ್ಕೊಡುವ ಹೆಂಡತಿಯ ವೇಷ ಅವಳದು. ಹಾಡುತ್ತ ಹಾಡುತ್ತ ಅವಳ ಕಟ್ಟೆಯೊಡೆಯುತ್ತದೆ, ಆಟ ಮುಂದುವರಿಸಲಾರಳು. ಈ ಪಾತ್ರದಲ್ಲಿ ಲೇ ವಾನ್ ಅವರದು ಮಿತವಾದ, ಮುಖವನ್ನು ಅತಿಯಾಗಿ ದುಡಿಸದ ಅಭಿನಯ. ನನಗೆ ಚಿತ್ರದ ಜೀವಾಳವೇ ಅದು.

ಇನ್ನೊಂದು ದೃಶ್ಯ ಸಾಕಷ್ಟು ವಿವಾದವನ್ನೆಬ್ಬಿಸಿತು. ಚಾಂದ್ರಮಾನದ ಏಳನೆಯ ತಿಂಗಳ ಹುಣ್ಣಿಮೆಯಂದು ಸತ್ತವರೂ ಬದುಕಿದವರೂ ಒಂದೆಡೆ ಕೂಡುವ ಸಂತೆಯೊಂದು ನಡೆಯುತ್ತದೆಂಬ ನಂಬಿಕೆಯುಂಟು. ಆ ಸಂತೆಯಲ್ಲಿ ಜುಯೆನ್ ಗಂಡನನ್ನು ಕಾಣುತ್ತಾಳೆ. ಚಿತ್ರವನ್ನು ಪರಿಶೀಲಿಸಿದ ಅಧಿಕಾರಿಗಳು ಇದನ್ನು ಮೂಢನಂಬಿಕೆಯೆಂದು ಆಕ್ಷೇಪಿಸಿದರು. ಹಲವು ಸುತ್ತಿನ ಪರಿಶೀಲನೆಯಾದ ಮೇಲೆಯೇ ಚಿತ್ರ ಹೊರಬಿದ್ದದ್ದು. ಆಕ್ಷೇಪಿಸಿದವರು ದೃಶ್ಯದ ಮರ್ಮವನ್ನು ಗ್ರಹಿಸಲಿಲ್ಲವೆಂದೇ ನನ್ನ ಅಭಿಪ್ರಾಯ. ದೆವ್ವಗಳುಂಟೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಯಾರೆದುರಿಗೂ ಅಳಲಾರದವಳಿಗೆ ಸತ್ತವನೊಬ್ಬನೇ ಆಪ್ತನಾಗಿ ಉಳಿದಿದ್ದಾನೆ, ಅಷ್ಟೆ.

ಇದೇ ದೇಶದ ‘ಕಾಡು ಬಯಲು’ (1979) ಚಿತ್ರದೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಹೊಂಗ್ ಸೆನ್ ನಿರ್ದೇಶಿಸಿದ ಆ ಚಿತ್ರಕ್ಕೆ 1981ರಲ್ಲಿ ಮಾಸ್ಕೋ ಉತ್ಸವದ ಚಿನ್ನದ ಬಹುಮಾನ ಬಂತು. ಮೆಕಾಂಗ್ ಬಯಲಿನ ನೆರೆನೀರಿನಲ್ಲಿ ಕೂಸನ್ನು ಕಟ್ಟಿಕೊಂಡ ದಂಪತಿಗಳನ್ನು ಅಮೆರಿಕದ ಹೆಲಿಕಾಪ್ಟರುಗಳು ಬೇಟೆಯಾಡುವ ಕಥೆ ಅದು. ಶಕ್ತಿಯುತವಾದ ಚಿತ್ರವೇ ಸರಿ. ಆದರೆ ಅಲ್ಲಿ ಶತ್ರು ಮೇಲೆ ಹಾರುತ್ತಾನೆ, ಕಣ್ಣಿಗೆ ಕಾಣುತ್ತಾನೆ. ಇಲ್ಲಿ ಗುಂಡಿಕ್ಕಲು ಯಾರೂ ಇಲ್ಲ. ಮಿನ್ ಅವರ ತಂದೆ, ಹೆಸರಾಂತ ವೈದ್ಯ ಡಾಂಗ್ ವಾನ್ ಙು, ಮಲೇರಿಯಾ ಸಂಶೋಧನೆಯಲ್ಲಿ ತೊಡಗಿದ್ದಾಗ 1967ರಲ್ಲಿ ಅಮೆರಿಕದ ಬಾಂಬಿಗೆ ಬಲಿಯಾದವರು. ಮಗನ ಚಿತ್ರದಲ್ಲಿ ದ್ವೇಷದ ಸುಳಿವಿಲ್ಲ. ಉಳಿದವರು ಬದುಕುವುದು ಹೇಗೆಂಬ ಚಿಂತೆಯೇ ಇದೆ.

ಕೊರತೆ ಇಲ್ಲದಿಲ್ಲ. ಮೇಷ್ಟ್ರ ಪಾತ್ರ ಒಳ್ಳೆಯತನದ ಅಚ್ಚಿನಲ್ಲಿ ಎರಕ ಹೊಯ್ದಂತಿದೆ. ಜುಯೆನ್‌ಳ ಬಗ್ಗೆ ಅವನಲ್ಲಿ ಮೂಡುವ ಒಲವನ್ನು ಚಿತ್ರ ತಾನೇ ಅಂಜಿ ಬದಿಗೊತ್ತಿದಂತೆ ತೋರುತ್ತದೆ. ಅವನಿಗೂ ಒಂದಿಷ್ಟು ಆಸೆ, ಅಸೂಯೆಗಳಿದ್ದಿದ್ದರೆ ಸುಳ್ಳಿನ ತೊಡಕು ಇನ್ನೂ ಬಿಗಿಯಾಗುತ್ತಿತ್ತು.

ಆದರೂ 1985ರಲ್ಲಿ ಸ್ವದೇಶದ ಉತ್ಸವದಲ್ಲಿ ಚಿನ್ನದ ಕಮಲವನ್ನು ಪಡೆದ ಈ ಚಿತ್ರ ಆ ಗೌರವಕ್ಕೆ ತಕ್ಕುದೇ. ಮಡಿದ ವೀರರಿಗೆ ಎಲ್ಲ ದೇಶಗಳಲ್ಲೂ ಕಂಬಗಳು ಎದ್ದಿವೆ. ಅವರ ಮನೆಯಲ್ಲಿ ಅಂಚೆಯವನ ದಾರಿ ಕಾಯುವ ಮುದುಕನನ್ನು ಇಷ್ಟು ಮಮತೆಯಿಂದ ಕಂಡ ಚಿತ್ರಗಳು ವಿರಳ. ಅವಕಾಶ ಸಿಕ್ಕಿದವರು ತಪ್ಪಿಸಿಕೊಳ್ಳಬಾರದು.