ಮೇನ್ ಜೆಟ್ ಒಂದನ್ನೇ ನಂಬಿದರೆ

ಹಳೆಯ ಬೈಕಿಗೆ ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿ, ಹಲ್ಲು ಎದ್ದ ಟೈರು ತೊಡಿಸಿ, ಸೈಲೆನ್ಸರ್ ಬದಲಿಸಿ, ಶೇಂಗಾ ಹೊಲದಲ್ಲಿ ಎಡೆಕುಂಟೆ ಎಳೆಯಲು ಒಗ್ಗಿಸಿಕೊಳ್ಳುವುದು ಬಯಲುಸೀಮೆಯ ರೈತರ ಜಾಣತನ. ಬೇರೆ ದೇಶಗಳಲ್ಲಿ ನಾಲ್ಕು ಚಕ್ರದ ಎಟಿವಿ ಮಾಡುವ ಕೆಲಸವನ್ನು ಇಲ್ಲಿ ಅಂಥ ಬೈಕೇ ಮಾಡುತ್ತದೆ. ಚಳ್ಳಕೆರೆಯ ಕೆಂಪು ಹೊಲವಾಗಲಿ, ಮೊಳಕಾಲ್ಮುರಿನ ಕಲ್ಲುಗುಡ್ಡದ ದಾರಿಯಾಗಲಿ, ಅದಕ್ಕೆ ಬೇಕಾದದ್ದು ಓಟವಲ್ಲ, ಎಳೆತ. ಆದರೆ ಗಾಡಿ ಮಾರ್ಪಾಡಾದ ಕೂಡಲೇ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಅಳೆದು ಬಿಡುವ ರಂಧ್ರವಾದ ಮೇನ್ ಜೆಟ್ಟನ್ನು ಎರಡು ಮೂರು ನಂಬರ್ ದೊಡ್ಡದು ಮಾಡುವ ಪದ್ಧತಿ ಈ ಎಳೆತಕ್ಕೆ ಹೊಂದುವುದಿಲ್ಲ. ಅದು ರೇಸಿಗೆ ಹುಟ್ಟಿದ ಪದ್ಧತಿ.

ಕಾರಣ ಕಾರ್ಬೊರೇಟರಿನ ಒಳಗೇ ಇದೆ. ಸ್ಲೈಡ್ ಇರುವ ಮಿಕುನಿ ಕಂಪನಿಯ ಮಾದರಿಯಲ್ಲಿ ಎಕ್ಸಿಲರೇಟರ್ ಕಾಲುಭಾಗ ತಿರುಗುವವರೆಗೆ ಪೆಟ್ರೋಲಿನ ಲೆಕ್ಕ ಇಡುವುದು ಪೈಲಟ್ ಜೆಟ್ ಮತ್ತು ಸ್ಲೈಡಿನ ಅಂಚಿನ ಕಟ್‌ಅವೇ. ಕಾಲಿನಿಂದ ಮುಕ್ಕಾಲುವರೆಗೆ ನೀಡಲ್. ಮುಕ್ಕಾಲು ದಾಟಿದ ಮೇಲಷ್ಟೇ ಮೇನ್ ಜೆಟ್ಟಿನ ಮಾತು ನಡೆಯುತ್ತದೆ. ಎಡೆ ಹೊಡೆಯುವ ಬೈಕಿನ ಎಕ್ಸಿಲರೇಟರ್ ಮುಕ್ಕಾಲು ದಾಟುವುದೇ ಅಪರೂಪ. ಹೀಗಿರುವಾಗ ಮೇನ್ ಜೆಟ್ ಎಷ್ಟು ದೊಡ್ಡದಾದರೂ ಸಾಲಿನ ನಡುವೆ ಎಂಜಿನ್ ಮುಕ್ಕರಿಯುವುದು ನಿಲ್ಲುವುದಿಲ್ಲ. ನೀಡಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಇಳಿಸಿದರೆ ನೀಡಲ್ ಮೇಲೇರುತ್ತದೆ, ನಡುಭಾಗದಲ್ಲಿ ಪೆಟ್ರೋಲ್ ಹೆಚ್ಚುತ್ತದೆ. ಕಾಸಿನ ಖರ್ಚಿಲ್ಲದ ಈ ಕೆಲಸ ಮೇನ್ ಜೆಟ್ ಮುಟ್ಟುವ ಮೊದಲೇ ಆಗಬೇಕು. ಆಗುವುದು ಕೊನೆಗೆ, ಇಲ್ಲವೇ ಆಗುವುದೇ ಇಲ್ಲ.

ಹಾಗೆಂದು ಕಂಪನಿಯ ಜೆಟ್ಟೇ ಸದಾ ಸರಿ ಎನ್ನಲಾರೆ. ಉದಾಹರಣೆಗೆ, ಯಮಹಾ ಆರ್‌ಎಕ್ಸ್ 100 ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಆಗಿನ ಪೆಟ್ರೋಲ್ ಬೇರೆ. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಎಥನಾಲಿಗೆ 9 ಭಾಗ ಸಾಕು. ಇಂದು ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಈ ಅಂಕಿ 13.5ರ ಆಸುಪಾಸು. ಜೆಟ್ ಹಳೆಯದೇ ಇದ್ದರೆ ಎಂಜಿನ್ನಿಗೆ ಬೇಕಾದ್ದಕ್ಕಿಂತ ಶೇ. 7–8ರಷ್ಟು ಇಂಧನ ಕಡಿಮೆ ಬೀಳುತ್ತದೆ. ಹೊಲದಲ್ಲಿ ಇದು ಸಣ್ಣ ಕೊರತೆಯಲ್ಲ. ಗಾಡಿ ನಡಿಗೆಯ ವೇಗದಲ್ಲಿದೆ, ಸಿಲಿಂಡರಿನ ರೆಕ್ಕೆಗಳಿಗೆ ಎದುರುಗಾಳಿ ಇಲ್ಲ, ಭಾರ ಮಾತ್ರ ಪೂರ್ತಿ. ಪೆಟ್ರೋಲ್ ಕಡಿಮೆಯಾದ ಮಿಶ್ರಣ ಇನ್ನಷ್ಟು ಕಾಯಿಸುತ್ತದೆ, ಟೂ ಸ್ಟ್ರೋಕ್ ಎಂಜಿನ್ ಸೀಜ್ ಆಗಬಹುದು. ಯೆಜ್ಡಿಯಂತೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಗಾಡಿಯಲ್ಲಂತೂ ಪೆಟ್ರೋಲ್ ಕಡಿಮೆ ಹೋದರೆ ಆಯಿಲ್ ಕೂಡ ಕಡಿಮೆ ಹೋದಂತೆ.

ಈ ಪೆಟ್ರೋಲ್ ಕೊರತೆಗೆ ಎದುರಾಗಿ ನಿಲ್ಲುವುದು ನಮ್ಮ ಬಿಸಿಲು. ಗಾಳಿ 20 ಡಿಗ್ರಿಯಿಂದ 40 ಡಿಗ್ರಿಗೆ ಕಾದಾಗ ಶೇ. 6ರಷ್ಟು ತೆಳುವಾಗುತ್ತದೆ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತುಸು ಮೇಲಾಗುತ್ತದೆ. ಹಾಗಾಗಿ ಏಪ್ರಿಲ್ ಮಧ್ಯಾಹ್ನ ಅಂಗಡಿ ಮುಂದೆ ಚೆನ್ನಾಗಿ ಕೂತ ಸೆಟ್ಟಿಂಗ್ ಮಾಗಿಯ ಮುಂಜಾನೆಗೆ ಪೆಟ್ರೋಲ್ ಸಾಲದಂತಾಗುತ್ತದೆ. ಒಂದು ಹೊತ್ತಿನ ಪರೀಕ್ಷೆಯಿಂದ ಜೆಟ್ ನಿರ್ಧರಿಸುವವರು ಈ ಲೆಕ್ಕವನ್ನು ಮರೆಯಬಾರದು.

ನಂಬರಿನ ವಿಚಾರವನ್ನೂ ಹೇಳಬೇಕು. ಕೀಹಿನ್ ಕಂಪನಿಯ ಜೆಟ್ಟಿನ ಮೇಲಿನ ಅಂಕಿ ರಂಧ್ರದ ಅಗಲವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಹೇಳುತ್ತದೆ. ಮಿಕುನಿಯ ಆರು ಮೂಲೆಯ ಮೇನ್ ಜೆಟ್ಟಿನ ಅಂಕಿ ಹರಿವಿನದು. ಒಂದರ 100 ಇನ್ನೊಂದರ 100 ಅಲ್ಲ. ಅಗಲದ ಲೆಕ್ಕದಲ್ಲಿ 100ರಿಂದ 110ಕ್ಕೆ ಹೋದರೆ ರಂಧ್ರದ ವಿಸ್ತಾರ ಶೇ. 21 ಹೆಚ್ಚುತ್ತದೆ. ಎಥನಾಲಿನಿಂದಾದ ಕೊರತೆ ತುಂಬಲು ಅಗಲದಲ್ಲಿ ಶೇ. 4 ಸಾಕು. ಜೆಟ್ ಕಟ್ಟಿಕೊಂಡಾಗ ಅದರೊಳಗೆ ಉಕ್ಕಿನ ಪಿನ್ನು ತೂರಿಸುವ ಅಭ್ಯಾಸವಂತೂ ಕೆಟ್ಟದ್ದೇ. ಹಿತ್ತಾಳೆ ಮೆದು, ರಂಧ್ರ ಸವೆದ ಮೇಲೆ ಮೇಲಿನ ನಂಬರಿಗೆ ಅರ್ಥವಿಲ್ಲ. ಕಾರ್ಬೊರೇಟರ್ ಕ್ಲೀನರ್ ಹೊಡೆದು ಗಾಳಿ ಊದಿದರೆ ಸಾಕು.

ಪ್ಲಗ್ ಬಿಚ್ಚಿ ಬಣ್ಣ ನೋಡುವುದು ಮೆಕ್ಯಾನಿಕ್‌ಗಳ ಹಳೆಯ ವಿದ್ಯೆ. ನನಗೆ ಅದರ ಮೇಲೆ ಗೌರವವಿದೆ, ಆದರೆ ಈಗ ನಡೆಯುತ್ತಿರುವ ರೀತಿ ದಾರಿ ತಪ್ಪಿಸುತ್ತದೆ. ಪ್ಲಗ್ ಕಾಫಿ ಬಣ್ಣಕ್ಕಿದ್ದರೆ ಮಿಶ್ರಣ ಸರಿ ಎಂಬ ಪಾಠ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಭಾರತದಲ್ಲಿ ಅದರ ಮಾರಾಟ 2000ದ ಫೆಬ್ರವರಿಯಲ್ಲೇ ಮುಗಿಯಿತು. ಮೇಲಾಗಿ, ದೂರ ಓಡಿಸಿ, ನಿಧಾನಕ್ಕೆ ಅಂಗಡಿಗೆ ಮರಳಿ, ಸ್ಲೋದಲ್ಲಿ ನಿಲ್ಲಿಸಿ ಬಿಚ್ಚಿದ ಪ್ಲಗ್ ಪೈಲಟ್ ಜೆಟ್ಟಿನ ಕತೆಯನ್ನಷ್ಟೇ ಹೇಳುತ್ತದೆ. ಭಾರ ಎಳೆಯುತ್ತಿರುವಾಗಲೇ ಕ್ಲಚ್ ಹಿಡಿದು, ಎಂಜಿನ್ ಆಫ್ ಮಾಡಿ, ಅಲ್ಲೇ ಹೊಲದಲ್ಲಿ ಬಿಚ್ಚಿ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಏರ್ ಫಿಲ್ಟರ್ ಕಿತ್ತೆಸೆದ ಗಾಡಿ ನೋಡಿದಾಗ. ಪಿಕಪ್ ಹೆಚ್ಚುತ್ತದೆ ಎಂದು ತೆಗೆಯುತ್ತಾರೆ, ಗಾಳಿ ಹೆಚ್ಚಾಯಿತೆಂದು ಜೆಟ್ ದೊಡ್ಡದು ಮಾಡುತ್ತಾರೆ. ಮಳೆ ಕಾಣದ ಈ ತಾಲ್ಲೂಕುಗಳ ಧೂಳು ನೇರ ಸಿಲಿಂಡರಿಗೆ ಇಳಿದು ಪಿಸ್ಟನ್ನು, ರಿಂಗು, ಬೋರನ್ನು ತಿನ್ನುತ್ತದೆ. ಅದನ್ನು ಯಾವ ಜೆಟ್ಟೂ ಸರಿಪಡಿಸದು.

ಕಿವಿಯಿಂದಲೇ ಎಂಜಿನ್ನಿನ ಹಸಿವು ಗುರುತಿಸುವ ಮೆಕ್ಯಾನಿಕ್‌ಗಳು ನಮ್ಮಲ್ಲಿದ್ದಾರೆ. ಅವರ ಕೈಗೆ ಬೇಕಿರುವುದು ಕ್ರಮ ಮಾತ್ರ: ಮೊದಲು ಫಿಲ್ಟರ್ ಮತ್ತು ಗಾಳಿ ಸೋರಿಕೆ, ಆಮೇಲೆ ಪೈಲಟ್, ಆಮೇಲೆ ನೀಡಲ್, ಕೊನೆಗೆ ಮೇನ್ ಜೆಟ್, ಒಮ್ಮೆಗೆ ಒಂದೇ ಬದಲಾವಣೆ. ಗಾಡಿ ಮಾಲೀಕರೂ ಬದಲಿಸಿದ ಜೆಟ್ಟಿನ ನಂಬರನ್ನು ಬರೆದಿಡಲಿ, ತೆಗೆದ ಹಳೆಯ ಜೆಟ್ಟನ್ನು ಕೇಳಿ ಪಡೆದು ಟೂಲ್ ಕಿಟ್ಟಿನಲ್ಲಿ ಇಟ್ಟುಕೊಳ್ಳಲಿ.