ಉಡುತಡಿ, ಬಳ್ಳಿಗಾವೆ, ಕಲ್ಯಾಣ

ಊರು ಊರುಗಳು ಪರಸ್ಪರ ಕಲಿತರೆ ಲೋಕದಲ್ಲಿ ಶಾಂತಿ ನೆಲಸೀತೆಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಯುನೆಸ್ಕೊ ಸಂಸ್ಥೆ ‘ಕಲಿಕೆಯ ನಗರ’ಗಳ ಜಾಲವೊಂದನ್ನು ಕಟ್ಟಿದೆ, 2022ರಲ್ಲಿ ನಮ್ಮ ನೆರೆಯ ತ್ರಿಶೂರು, ನಿಲಂಬೂರು, ವಾರಂಗಲ್ಲುಗಳು ಅದನ್ನು ಸೇರಿದುವು. ಈ ಆಸೆಯ ಚಿತ್ರವೊಂದು ಕನ್ನಡದಲ್ಲಿ ಬಹುಕಾಲದಿಂದ ಇದೆ: ‘ಶೂನ್ಯಸಂಪಾದನೆ’ಯಲ್ಲಿ ಉಡುತಡಿಯ ಮಹಾದೇವಿಯಕ್ಕ ಕಲ್ಯಾಣಕ್ಕೆ ಬಂದು ಅಲ್ಲಮಪ್ರಭುವಿನ ಎದುರು ನಿಲ್ಲುವ ಪ್ರಸಂಗ. ಅದನ್ನು ನಾವು ಭಕ್ತಿಯಿಂದ ಓದುತ್ತೇವೆ; ವಿಮರ್ಶೆಯ ಕಣ್ಣಿನಿಂದ ಓದುವುದು ಕಡಮೆ.

ಅಕ್ಕನ ಕಾಲಕ್ಕೆ ಹೆಚ್ಚು ಸಮೀಪದವನಾದ ಹರಿಹರ ತನ್ನ ರಗಳೆಯಲ್ಲಿ ಆಕೆಯನ್ನು ಕಲ್ಯಾಣಕ್ಕೆ ಕರೆತರುವುದೇ ಇಲ್ಲ. ನೇರವಾಗಿ ಶ್ರೀಶೈಲಕ್ಕೆ ಕಳುಹಿಸುತ್ತಾನೆ. ಕಲ್ಯಾಣದ ಭೇಟಿ ಮೈದುಂಬಿಕೊಳ್ಳುವುದು 15ನೆಯ ಶತಮಾನದಲ್ಲಿ, ಚಾಮರಸನಲ್ಲಿಯೂ ಶೂನ್ಯಸಂಪಾದನೆಯ ಸಂಕಲನಕಾರರಲ್ಲಿಯೂ. ಆದುದರಿಂದ ಇದನ್ನು ಸಭೆಯ ವರದಿಯೆಂದು ಓದಲಾಗದು. ಬಿಡಿ ವಚನಗಳನ್ನು ಪ್ರಶ್ನೋತ್ತರವಾಗಿ ಹೆಣೆದ ನಾಟಕವೆಂದೇ ಓದಬೇಕು. ಅಂಥ ಭೇಟಿಯೊಂದು ನಡೆದಿರಲೇಬೇಕೆಂದು ಮೂರು ಶತಮಾನಗಳ ಮೇಲೆ ಕನ್ನಡದ ಮನಸ್ಸಿಗೆ ಏಕೆ ತೋರಿತು? ನನಗೆ ಮುಖ್ಯವಾಗಿರುವ ಪ್ರಶ್ನೆ ಇದು.

ಅಲ್ಲಮನೂ ಕಲ್ಯಾಣದವನಲ್ಲ, ಬಳ್ಳಿಗಾವೆಯವನು. ಉಡುತಡಿ, ಬಳ್ಳಿಗಾವೆ ಎರಡೂ ಇಂದಿನ ಶಿಕಾರಿಪುರ ತಾಲ್ಲೂಕಿನ ಊರುಗಳು. ನೆರೆಯವರಿಬ್ಬರು ಮಾತಾಡಲು ಅಷ್ಟು ದೂರ ಹೋಗಬೇಕಾಗಿತ್ತೆ? ಬಳ್ಳಿಗಾವೆ ಸಾಮಾನ್ಯ ಊರಲ್ಲ. ಅಲ್ಲಿನ ಕೋಡಿಯ ಮಠವನ್ನು ಕುರಿತ 1162ರ ಶಾಸನ ನೋಡಿರಿ. ವೇದಗಳಿಂದ ಹಿಡಿದು ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳು, ನ್ಯಾಯ, ಸಾಂಖ್ಯ, ಬೌದ್ಧದರ್ಶನ, ಕಾವ್ಯ ನಾಟಕಗಳವರೆಗೆ ಅಲ್ಲಿ ಪಾಠ. ಕುರುಡರಿಗೂ ಕಿವುಡರಿಗೂ ಅನ್ನ, ಜೈನ ಕ್ಷಪಣಕರಿಗೂ ಅನ್ನ, ರೋಗಿಗಳಿಗೆ ಮದ್ದು, ಭಯಪಟ್ಟು ಬಂದ ಪ್ರಾಣಿಗಳಿಗೆಲ್ಲ ಅಭಯ. ಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಸೂರಿನ ಕೆಳಗೆ! ಇಷ್ಟಾಗಿಯೂ ಆ ದೀರ್ಘವಾದ ಪಟ್ಟಿಯಲ್ಲಿ ಕಲಿಯುವ ಹೆಣ್ಣೊಬ್ಬಳು ನನಗೆ ಕಾಣಲಿಲ್ಲ. ಅನ್ಯಮತದವನಿಗೆ ಅನ್ನವಿಕ್ಕುವುದು ದೊಡ್ಡ ಗುಣ. ಅವನಿಂದ ಪ್ರಶ್ನೆ ಮಾಡಿಸಿಕೊಳ್ಳುವುದು ಬೇರೆಯೇ ಗುಣ. ಸಂಕಲನಕಾರರು ಕಲ್ಯಾಣದಲ್ಲಿ ಕಲ್ಪಿಸಿದ್ದು ಈ ಎರಡನೆಯದನ್ನು.

ಅಲ್ಲಿ ಅಕ್ಕನಿಗೆ ಹಾರ ತುರಾಯಿಗಳಿಲ್ಲ. ನಿನ್ನ ಪತಿ ಯಾರು, ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ ಎಂದು ಅಲ್ಲಮ ಕಟುವಾಗಿಯೇ ಕೇಳುತ್ತಾನೆ. ಅಕ್ಕ ತಲೆ ತಗ್ಗಿಸುವುದಿಲ್ಲ. ಈ ಮರೆ ನೋಡುವ ನಿಮ್ಮ ಸಲುವಾಗಿ ಎಂಬರ್ಥದಲ್ಲಿ ಉತ್ತರ ಕೊಡುತ್ತಾಳೆ. ಒಂದೇ ಮಾತಿಗೆ ಸಭೆಯೇ ಪರೀಕ್ಷೆಗೊಳಗಾಗುತ್ತದೆ. ಇನ್ನೊಂದು ಸೂಕ್ಷ್ಮ: ಪರೀಕ್ಷಕನ ಪೀಠವನ್ನು ಕಲ್ಯಾಣ ತನ್ನವರಿಗೆ ಇಟ್ಟುಕೊಳ್ಳದೆ ಬಳ್ಳಿಗಾವೆಯಿಂದ ಬಂದವನಿಗೆ ಕೊಟ್ಟಿದೆ. ಪರವೂರಿನವನು ಬಸವಣ್ಣನನ್ನೂ ಬಿಡದೆ ಪ್ರಶ್ನಿಸುತ್ತಾನೆ. ಇಂದಿನ ಯಾವ ನಗರಸಭೆ ಇದಕ್ಕೆ ಒಪ್ಪೀತು?

ಆದರೂ ಒಂದು ಆಕ್ಷೇಪಣೆಯುಂಟು. ಪ್ರಸಂಗ ಮುಗಿಯುವ ವೇಳೆಗೆ ಸಭೆಯೆಲ್ಲ ಅಕ್ಕನನ್ನು ಕೊಂಡಾಡುತ್ತದೆ. ಒಪ್ಪದೆ ಮುಖ ತಿರುಗಿಸಿ ಕುಳಿತ ಒಬ್ಬನೂ ಅಲ್ಲಿಲ್ಲ. ಸಂಕಲನಕಾರರಿಗೆ ಐಕ್ಯದ ಆತುರ ಹೆಚ್ಚು. ಆ ಸಭೆಯ ಹೊರಗೆ, ಅದೇ ಕಲ್ಯಾಣದ ಬೀದಿಗಳಲ್ಲಿ, ಒಪ್ಪದವರು ತುಂಬ ಮಂದಿ ಇದ್ದರಲ್ಲವೆ?

ಸೋದರನಗರಗಳ ಕಥೆಯಲ್ಲೂ ತೊಡಕಿರುವುದು ಇಲ್ಲಿಯೇ. ಯುದ್ಧದ ನಡುವೆ, 1944ರಲ್ಲಿ, ಬಾಂಬಿಗೆ ಸಿಕ್ಕಿ ಹಾಳಾದ ಇಂಗ್ಲೆಂಡಿನ ಕವೆಂಟ್ರಿ, ರಷ್ಯದ ಸ್ಟಾಲಿನ್‌ಗ್ರಾಡಿನೊಡನೆ ನಂಟು ಬೆಳೆಸಿತು. ಹಗೆಯಾಗಿದ್ದ ಜರ್ಮನಿಯ ಡ್ರೆಸ್ಡೆನ್ನಿಗೂ ಮುಂದೆ ಕೈ ನೀಡಿತು. ಸ್ಟಾಲಿನ್‌ಗ್ರಾಡಿನ ಈಗಿನ ಹೆಸರು ವೋಲ್ಗೊಗ್ರಾಡ್. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ನುಗ್ಗಿದಾಗ ಕವೆಂಟ್ರಿ ಆ ಹಳೆಯ ನಂಟನ್ನು ತಡೆಹಿಡಿಯಿತು. ತಪ್ಪೆನ್ನಲಾರೆ, ಆದರೆ ಕಠಿನವಾದ ಪ್ರಶ್ನೆಗಳನ್ನು ಕೇಳಬೇಕಾಗಿದ್ದ ಹೊತ್ತಿನಲ್ಲೇ ಮಾತು ನಿಂತಿತು.

ಕೋಡಿಯ ಮಠದ ಆ ಶಾಸನ ಹುಟ್ಟಿದ್ದು ಬಿಜ್ಜಳನ ಆಳ್ವಿಕೆಯಲ್ಲಿ. ಎಲ್ಲ ಪ್ರಾಣಿಗಳಿಗೂ ಅಭಯವೆಂದು ಕಲ್ಲಿನಲ್ಲಿ ಬರೆಸಿ ಆರು ವರ್ಷ ತುಂಬುವಷ್ಟರಲ್ಲಿ, 1167-68ರ ಸುಮಾರಿಗೆ, ಕಲ್ಯಾಣ ರಕ್ತದಲ್ಲಿ ತೊಯ್ದಿತು. ಶರಣರು ದಿಕ್ಕು ದಿಕ್ಕಿಗೆ ಚೆದುರಿದರು.