ಗುಟ್ಟು ಬಿಟ್ಟುಕೊಡುವ ಜಾದೂಗಾರ

ಆಟದ ಗುಟ್ಟನ್ನು ನೋಡುವವರಿಗೆ ಹೇಳಬಾರದು ಎಂಬುದು ಜಾದೂಗಾರರ ಕಟ್ಟಳೆ. ಹುಲಿಕಲ್ ನಟರಾಜ್ ಹೆಸರು ಮಾಡಿದ್ದೇ ಈ ಕಟ್ಟಳೆ ಮುರಿದು. ಟಿವಿಯಲ್ಲೋ ಶಾಲೆಯ ಅಂಗಳದಲ್ಲೋ ಅವರ ‘ಪವಾಡ ಬಯಲು’ ನೋಡಿದ ಕನ್ನಡಿಗರು ಬಹಳ. ಮೆಚ್ಚುವವರು ಅವರನ್ನು ವಿಚಾರವಾದಿ ಎಂದು ಮೆಚ್ಚುತ್ತಾರೆ, ಜರೆಯುವವರು ದೇವರ ವಿರೋಧಿ ಎಂದು ಜರೆಯುತ್ತಾರೆ. ಅವರು ಮಾಡುವುದು ಒಂದು ರಂಗಕಲೆ, ಅದಕ್ಕೂ ಸೋಲು ಗೆಲುವು ಇರುತ್ತವೆ ಎಂದು ತೂಗಿ ನೋಡುವ ಗೋಜಿಗೆ ಹೆಚ್ಚು ಮಂದಿ ಹೋಗಿಲ್ಲ.

ಈ ಕಲೆಗೆ ಬೇಕಾದ ಸರಂಜಾಮು ತೀರಾ ಕಡಿಮೆ. ಬರಿಗೈಯಿಂದ ವಿಭೂತಿ ಬರಿಸುವ ಆಟವನ್ನೇ ತೆಗೆದುಕೊಳ್ಳಿ. ಬೂದಿಯನ್ನು ಗಂಜಿಯಲ್ಲಿ ಕಲಸಿ, ಸಣ್ಣ ಉಂಡೆ ಕಟ್ಟಿ ಒಣಗಿಸಿರುತ್ತಾರೆ. ಅದು ಹೆಬ್ಬೆರಳು, ತೋರುಬೆರಳುಗಳ ಸಂದಿಯಲ್ಲಿ ಅಡಗಿ ಕೂತಿರುತ್ತದೆ. ಅಂಗೈ ಕೆಳಮುಖವಾಗಿ ಗಾಳಿಯಲ್ಲಿ ಸುತ್ತುತ್ತದೆ, ನೋಡುವವರ ಕಣ್ಣು ಆ ಸುತ್ತಿನ ಬೆನ್ನು ಹತ್ತುತ್ತದೆ, ಅಷ್ಟರಲ್ಲಿ ಬೆರಳುಗಳು ಉಂಡೆಯನ್ನು ಹಿಸುಕಿ ಪುಡಿ ಮಾಡಿರುತ್ತವೆ. ಇದೇ ಉಂಡೆಯನ್ನು ಒಬ್ಬ ಶಾಲಾ ಹುಡುಗಿಯ ಕೈಗೆ ಕೊಟ್ಟು ಮಾಡಿಸಿದಾಗ ಸಭೆಯ ಮುಖ ನೋಡಬೇಕು. ದೊಡ್ಡವರು ಮಾಡಿದಾಗ ಬಾಯಿ ಬಿಟ್ಟುಕೊಂಡು ನೋಡಿದವರೇ ಹುಡುಗಿ ಮಾಡಿದಾಗ ಚಪ್ಪಾಳೆ ತಟ್ಟಿ ನಗುತ್ತಾರೆ. ಪವಾಡ ಬಯಲಿನ ಗೆಲುವೆಲ್ಲ ಆ ನಗುವಿನಲ್ಲಿದೆ. ಗುಟ್ಟನ್ನು ಕಿವಿಯಿಂದ ಕೇಳಿದವನಲ್ಲಿ ಅರೆಬರೆ ಅಂಜಿಕೆ ಉಳಿದೇ ಇರುತ್ತದೆ, ಕೈಯಾರೆ ಮಾಡಿದವನಲ್ಲಿ ಉಳಿಯುವುದಿಲ್ಲ.

ಈ ದಾರಿಯನ್ನು ತೆರೆದವರು ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ ಅಬ್ರಹಾಂ ಕೋವೂರ್, ಅವರ ಬಳಿಕ ಊರೂರು ಸುತ್ತಿದ ಬಿ. ಪ್ರೇಮಾನಂದ್. ನಮ್ಮಲ್ಲಿ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದ್ದರು. ದೂರದ ಫ್ರಾನ್ಸಿನಲ್ಲಿ ಟಿವಿ ಜಾದೂಗಾರ ಜೆರಾರ್ ಮಜಾಕ್ಸ್, ಭೌತವಿಜ್ಞಾನಿ ಆನ್ರಿ ಬ್ರೋಕ್ ಜೊತೆ ಸೇರಿ, ಅತೀಂದ್ರಿಯ ಶಕ್ತಿಯನ್ನು ಸಾಬೀತುಮಾಡಿದವರಿಗೆ ಬಹುಮಾನ ಸಾರಿದ್ದರು. 1987ರಿಂದ 2002ರವರೆಗೆ ನಡೆದ ಆ ಸವಾಲಿನ ಮೊತ್ತ ಕೊನೆಗೆ ಎರಡು ಲಕ್ಷ ಯೂರೊ ಮುಟ್ಟಿತ್ತು. ಗೆದ್ದವರು ಒಬ್ಬರೂ ಇಲ್ಲ. ಪರೀಕ್ಷೆ ಹೇಗೆ ನಡೆಯಬೇಕು ಎಂಬುದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಳ್ಳಬೇಕಿತ್ತು, ಆಮೇಲೆ ತಕರಾರಿಗೆ ಜಾಗವಿರಲಿಲ್ಲ.

ನಮ್ಮ ಟಿವಿ ಸ್ಟುಡಿಯೊಗಳಲ್ಲಿ ಆ ಶಿಸ್ತು ಕಾಣುವುದಿಲ್ಲ. ಈ ಬದಿ ಜ್ಯೋತಿಷಿ, ಆ ಬದಿ ವಿಚಾರವಾದಿ, ನಡುವೆ ನಿರೂಪಕರ ಏರುದನಿ. ತೆಂಗಿನಕಾಯಿ ತಾನಾಗಿಯೇ ಹೊತ್ತಿಕೊಂಡಿತು ಎಂದು ತೋರಿಸಿ, ಪೊಟ್ಯಾಸಿಯಂ ಪರ್ಮಾಂಗನೇಟ್, ಗ್ಲಿಸರಿನ್ ಎಂದು ಎರಡು ಹೆಸರು ಹೇಳುವಷ್ಟರಲ್ಲಿ ಜಾಹೀರಾತು ಬರುತ್ತದೆ. ಅವೆರಡು ಸೇರಿದರೆ ಬೆಂಕಿ ಯಾಕೆ ಏಳುತ್ತದೆ ಎಂದು ತಿಳಿಯದವನಿಗೆ ಆ ಹೆಸರುಗಳೂ ಮಂತ್ರವೇ. ಮಾಟದ ಭಯ ಹೋಗಿ ರಾಸಾಯನಿಕದ ಭಯ ಬಂದರೆ ಏನು ಸಾಧಿಸಿದಂತಾಯಿತು? ನಟರಾಜ್ ಅವರ ಕೆಲಸಕ್ಕೆ ಸರಿಯಾದ ಜಾಗ ಶಾಲೆಯ ಅಂಗಳವೇ ಎಂದು ನಾನು ನಂಬಿದ್ದೇನೆ. ಅಲ್ಲಿ ಮರುದಿನ ವಿಜ್ಞಾನದ ಮೇಷ್ಟ್ರು ಆ ಪ್ರಶ್ನೆಯನ್ನು ಮುಂದುವರಿಸಬಹುದು. ಧಾರವಾಡದಲ್ಲಿ ವಿಚಾರವಾದಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದ ನಾಡಿದು. ಇಲ್ಲಿ ವೇದಿಕೆ ಹತ್ತಿ ಇಂಥ ಮಾತಾಡುವುದಕ್ಕೆ ಎದೆಗಾರಿಕೆ ಬೇಕು. ಅದನ್ನು ಗೌರವಿಸಿಯೇ ಮುಂದಿನ ಮಾತು ಹೇಳುತ್ತೇನೆ.

ಬೆಳಗಾವಿ ಜಿಲ್ಲೆಯ ಕಟಕೋಳದ ಕಡೆಯಿಂದ ನೋಡಿದರೆ ಈ ಕಲೆಯ ಮಿತಿ ಕಾಣುತ್ತದೆ. ಹತ್ತಿರದಲ್ಲೇ ಗೊಡಚಿ, ವೀರಭದ್ರನ ಕ್ಷೇತ್ರ. ಈ ಸೀಮೆಯ ವೀರಭದ್ರನ ಸೇವೆಯಲ್ಲಿ ಪುರವಂತರೆಂಬ ಭಕ್ತರು ಒಡಪು ಹೇಳುತ್ತ ಶಸ್ತ್ರ ಹಾಕಿಕೊಳ್ಳುತ್ತಾರೆ, ಎಂದರೆ ಮೈಗೆ ಸರಳು ಚುಚ್ಚಿಕೊಳ್ಳುತ್ತಾರೆ. ಪವಾಡ ಬಯಲಿನ ವೇದಿಕೆಯಲ್ಲಿ ನಾಲಿಗೆಗೆ ಚುಚ್ಚುವ ತ್ರಿಶೂಲದ ಸರಳು ನಡುವೆ ಬಾಗಿರುತ್ತದೆ, ನಾಲಿಗೆ ಆ ಬಾಗಿನೊಳಗೆ ಕೂತು ಚುಚ್ಚಿದಂತೆ ಕಾಣುತ್ತದೆ. ಪುರವಂತನ ಶಸ್ತ್ರಕ್ಕೆ ಅಂಥ ಬಾಗಿಲ್ಲ. ಅದು ಚರ್ಮ ದಾಟಿಯೇ ಹೋಗುತ್ತದೆ. ಅಲ್ಲಿ ಬಯಲು ಮಾಡುವುದಕ್ಕೆ ಗುಟ್ಟೇ ಇಲ್ಲ. ಮಾಟ ತೆಗೆಯುತ್ತೇನೆಂದು ಬಡವರ ಕೈಯಿಂದ ದುಡ್ಡು ಕೀಳುವವನನ್ನೂ ಹರಕೆ ಹೊತ್ತು ನೋವು ತಿನ್ನುವವನನ್ನೂ ಒಂದೇ ಆಟದಲ್ಲಿ ಸೇರಿಸಿ ತೋರಿಸಿದರೆ ಊರಿನವರು ಎದ್ದು ಹೋಗುತ್ತಾರೆ, ಹೋಗುವುದು ಸರಿಯೂ ಹೌದು.

ಹಾಗೆಂದು ಶಸ್ತ್ರದ ಬಗ್ಗೆ ಮಾತೇ ಆಡಬಾರದು ಎಂದಲ್ಲ. ದವಡೆಯ ಈ ಬದಿಯಿಂದ ಆ ಬದಿಗೆ ಸರಳು ಚುಚ್ಚುವುದನ್ನು ರಾಜ್ಯದ 2017ರ ಮೌಢ್ಯ ವಿರೋಧಿ ಕಾಯ್ದೆ ನಿಷೇಧದ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಆ ನಿಷೇಧದ ಹಿಂದಿರುವುದು ಗಾಯದ ಪ್ರಶ್ನೆ. ಜಾದೂಗಾರನ ಚೀಲದಲ್ಲಿ ಅದಕ್ಕೆ ಉತ್ತರವಿಲ್ಲ. ಗೊಡಚಿ ಸೀಮೆಯಲ್ಲಿ ವೇದಿಕೆ ಹಾಕುವವರು ವಿಭೂತಿ, ತೆಂಗಿನಕಾಯಿಯ ಗುಟ್ಟುಗಳನ್ನು ಪೂರ್ತಿ ಬಿಚ್ಚಿ ತೋರಿಸಲಿ. ಶಸ್ತ್ರದ ಸರದಿ ಬಂದಾಗ ತ್ರಿಶೂಲ ಕೆಳಗಿಟ್ಟು, ಪುರವಂತರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಲಿ: ಸರಳನ್ನು ಹೇಗೆ ತೊಳೀತೀರಿ, ಗಾಯ ಮಾಯೋದಕ್ಕ ಎಷ್ಟು ದಿನ ಬೇಕು, ಮಗ ಒಲ್ಲೆ ಅಂದರ ಮನ್ಯಾಗ ಏನಂತಾರ?